ಮೂರು ರೆಕ್ಕೆಯ ಗುರುತು

ಆ ಪ್ರಯೋಗಾಲಯದಲ್ಲಿ ಅವಳನ್ನು ನಿಜವಾದ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು "ಹತ್ತು ನಿಮಿಷ". ಎಲ್ಲಿದ್ದೀಯ ಎಂದು ಫೋನ್ ಮಾಡಿ ಕೇಳಿದರೆ ಹಾಸಿಗೆಯಲ್ಲಿರಲಿ, ಬಸ್ಸಿನಲ್ಲಿರಲಿ, ಊರಿನ ಇನ್ನೊಂದು ತುದಿಯಲ್ಲಿರಲಿ, ಬರುವ ಉತ್ತರ ಒಂದೇ: "ಹತ್ತು ನಿಮಿಷ, ಬಂದೆ." ಹಾಗಂತ ಸುಳ್ಳುಬುರುಕಿ ಅನ್ನಬೇಡಿ. ಹತ್ತೇ ನಿಮಿಷದಲ್ಲಿ ತಲುಪುತ್ತೇನೆ ಎಂದು ಪ್ರತಿ ಸಲವೂ ಮನಸಾರೆ ನಂಬಿಯೇ ಹೇಳುತ್ತಿದ್ದಳು. ಬಸ್ಸುಗಳಿಗೆ ಆ ನಂಬಿಕೆ ಇರಲಿಲ್ಲ, ಅಷ್ಟೇ.

ಪಾಪ, ಅವಳಿಗಾದರೂ ತಲೆ ಕೆರೆದುಕೊಳ್ಳಲು ಪುರುಸೊತ್ತೆಲ್ಲಿತ್ತು? ಬೆಳಿಗ್ಗೆ ಎಂಟಕ್ಕೆ ತರಗತಿ. ಹತ್ತರಿಂದ ಒಂದರವರೆಗೆ ಪ್ರಯೋಗಾಲಯ. ಎರಡರಿಂದ ಐದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಓದಿದವರು ಎಲ್ಲೆಂದರಲ್ಲಿ ಬಿಟ್ಟುಹೋದ ಪುಸ್ತಕಗಳನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಅವುಗಳ ಜಾಗಕ್ಕೆ ಸೇರಿಸುವ ಕೆಲಸ. ಆಮೇಲೆ ಮೊದಲ ವರ್ಷದ ಮಕ್ಕಳಿಗೆ ಲೆಕ್ಕ ಹೇಳಿಕೊಡಬೇಕು. ನಾಲ್ಕು ಹುಡುಗಿಯರು ಸೇರಿ ಹಿಡಿದ ಮನೆಯಲ್ಲಿ ಮಂಗಳವಾರ ಮತ್ತು ಶುಕ್ರವಾರ ಅಡಿಗೆಯ ಸರದಿ ಅವಳದು. ನೆಲಮಾಳಿಗೆಯ ಬಟ್ಟೆ ಒಗೆಯುವ ಯಂತ್ರ ಅವಳ ಪಾಲಿಗೆ ಸಿಗುವುದು ಬುಧವಾರ ಆರೂಕಾಲರಿಂದ ಏಳರವರೆಗೆ. ಆ ಮುಕ್ಕಾಲು ಗಂಟೆ ತಪ್ಪಿದರೆ ಮುಂದಿನ ಬುಧವಾರದವರೆಗೆ ಇದ್ದ ಬಟ್ಟೆಯಲ್ಲೇ ತಿರುವುಮುರುವು ಮಾಡಿಕೊಂಡು ಇರಬೇಕು.

ಇಷ್ಟರ ಮೇಲೆ ಅವಳಿಗೆ ಯಂತ್ರಗಳ ಹುಚ್ಚು. ಅವಳ ಕೋಣೆಯಲ್ಲಿ ತೆಪ್ಪಗಿರುವ ವಸ್ತು ಒಂದೂ ಇರಲಿಲ್ಲ. ಕಿಟಕಿಯ ಪರದೆಗೆ ದಾರ ಕಟ್ಟಿ, ಆಟಿಕೆ ಕಾರಿನ ಮೋಟಾರು ಜೋಡಿಸಿದ್ದಳು. ಅದು ಬೆಳಿಗ್ಗೆ ಆರಕ್ಕೆ ಗರಗರ ಎಂದು ತಾನಾಗಿ ಸರಿಯುತ್ತಿತ್ತು. ಭಾನುವಾರ ಎಂಬುದೊಂದು ಇದೆ ಎಂದು ಅದಕ್ಕೆ ಹೇಳಿಕೊಡಲು ಅವಳಿಗೆ ಪುರುಸೊತ್ತಾಗಲೇ ಇಲ್ಲ. ಹೂಕುಂಡದ ಮಣ್ಣಿಗೆ ಒಂದು ತಂತಿ ಸಿಕ್ಕಿಸಿ, ಮಣ್ಣು ಒಣಗಿದರೆ ತನ್ನ ಫೋನಿಗೆ "ನೀರು ಬೇಕು" ಎಂಬ ಸಂದೇಶ ಬರುವಂತೆ ಮಾಡಿದ್ದಳು. ಸಂದೇಶ ಬರುವಾಗ ಅವಳು ಗ್ರಂಥಾಲಯದ ಮೂರನೇ ಮಹಡಿಯಲ್ಲಿ ಇರುತ್ತಿದ್ದಳು. ಆ ಗಿಡ ನಲವತ್ತೊಂದು ದೂರು ಕಳುಹಿಸಿ ಪ್ರಾಣಬಿಟ್ಟಿತು.

ಒಂದು ಬುಧವಾರದ ಅವಸರದಲ್ಲಿ ಪ್ರಯೋಗಾಲಯದ ಬಾಗಿಲು ತೆರೆಯುವ ಕಾರ್ಡು ಪ್ಯಾಂಟಿನ ಜೇಬಿನಲ್ಲೇ ಉಳಿದು ಒಗೆತಕ್ಕೆ ಹೋಯಿತು. ಫೋಟೊ, ಹೆಸರು ಎರಡೂ ಅಳಿಸಿ, ಆಗ ತಾನೇ ಹುಟ್ಟಿದ ಕೂಸಿನ ಹಾಗೆ ಹೊರಬಂತು. ಬಾಗಿಲು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಹೊಸದಕ್ಕೆ ಅರ್ಜಿ, ಸಹಿ, ಎರಡು ವಾರ. ಅಲ್ಲಿಯವರೆಗೆ ಅವಳು ಪಕ್ಕದ ಮೇಜಿನವನ ಕಾರ್ಡು ಕಡ ತೆಗೆದುಕೊಂಡು ಓಡಾಡಿದಳು. ಅವನಿಗೆ ಎದೆಯವರೆಗೆ ಗಡ್ಡ, ಆದ್ದರಿಂದ ಹೆಸರೂ ಗಡ್ಡ. ಒಳ್ಳೆಯವನು, ಆದರೆ ಸುಳ್ಳು ಹೇಳಲು ಸ್ವಲ್ಪವೂ ಬಾರದವನು. ಕಡ ತಂದ ಕಾರ್ಡು, ಸುಳ್ಳು ಬಾರದ ಗಡ್ಡ, ಈ ಎರಡನ್ನೂ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಂತ್ರದ ಹುಚ್ಚು ಅವಳಿಗೆ ಪುಸ್ತಕದಿಂದ ಹತ್ತಿದ್ದಲ್ಲ. ಅಪ್ಪನದು ಊರಿನಲ್ಲಿ ಒಂದೇ ಷಟರಿನ ಅಂಗಡಿ. ಮಿಕ್ಸಿ, ಫ್ಯಾನು, ಹೊಲಿಗೆ ಯಂತ್ರದ ಮೋಟಾರು, ಹೀಗೆ ತಿರುಗುವುದೆಲ್ಲ ಅಲ್ಲಿ ರಿಪೇರಿಗೆ ಬರುತ್ತಿತ್ತು. ಶಾಲೆ ಬಿಟ್ಟ ಮೇಲೆ ಅವಳು ಅಲ್ಲಿನ ಸ್ಟೂಲಿನ ಮೇಲೆ ಕೂತೇ ದೊಡ್ಡವಳಾದಳು. ಅಪ್ಪನ ಕೆಲಸಕ್ಕೆ ಮೂರು ಕಟ್ಟಳೆಗಳಿದ್ದವು. ಬಿಚ್ಚುವ ಮೊದಲು ಕಿವಿಗೊಟ್ಟು ಕೇಳಬೇಕು. ಬಿಚ್ಚಿದ ಸ್ಕ್ರೂಗಳನ್ನು ಕಾಗದದ ಮೇಲೆ ಬಂದ ಕ್ರಮದಲ್ಲೇ ದುಂಡಗೆ ಜೋಡಿಸಬೇಕು. ಮುಚ್ಚುವ ಮೊದಲು ಒಳಗೆ ಮೊಳೆಯ ತುದಿಯಿಂದ ತಾರೀಖು ಗೀಚಿ, ಪಕ್ಕದಲ್ಲಿ ಅಂಗಡಿಯ ಗುರುತು ಹಾಕಬೇಕು. ಮೂರು ರೆಕ್ಕೆಯ ಪುಟ್ಟ ಫ್ಯಾನು ಆ ಗುರುತು. ಯಾರಿಗೂ ಕಾಣದ ಕಡೆ ಯಾಕೆ ಬರೆಯುವುದು ಎಂದು ಅವಳು ಚಿಕ್ಕವಳಿದ್ದಾಗ ಕೇಳಿದ್ದಳು. "ಮುಂದೆ ಬಿಚ್ಚೋನಿಗೆ ಕಾಣುತ್ತಲ್ಲ. ಕೈ ಹಾಕಿದೋನು ಯಾರು ಅಂತ ಅವನಿಗೆ ಗೊತ್ತಾಗಬೇಕು" ಎಂದಿದ್ದರು ಅಪ್ಪ. ಒಮ್ಮೆ ಯಾರೋ ಹನ್ನೊಂದು ವರ್ಷದ ಹಿಂದಿನ ಫ್ಯಾನು ತಂದರು. ಅಪ್ಪ ಬಿಚ್ಚಿ ನೋಡಿದರೆ ಒಳಗೆ ತಮ್ಮದೇ ಗುರುತು, ತಂತಿ ಸುತ್ತಿದ್ದರಲ್ಲಿ ತಮ್ಮದೇ ತಪ್ಪು. ತುಟಿ ಪಿಟಕ್ಕೆನ್ನದೆ ಕೂತು ಪೂರ್ತಿ ಹೊಸದಾಗಿ ಸುತ್ತಿಕೊಟ್ಟರು.

ಇಂಥ ಅಪ್ಪನಿಗೆ ಪರದೇಶದಲ್ಲಿರುವ ಮಗಳ ಹತ್ತಿರ ಫೋನಿನಲ್ಲಿ ಏನು ಮಾತಾಡಬೇಕೆಂದೇ ತಿಳಿಯುತ್ತಿರಲಿಲ್ಲ. "ಹಲೋ. ಚೆನ್ನಾಗಿದ್ದೀಯಾ ಮರಿ? ಹೂಂ. ಅಮ್ಮನಿಗೆ ಕೊಡ್ತೀನಿ." ಅವಳು ಗಡಿಯಾರ ಹಿಡಿದು ನೋಡಿದ್ದಳು, ಒಟ್ಟು ಒಂಬತ್ತು ಸೆಕೆಂಡು. ಆಮೇಲೆ ಅಮ್ಮ ಮುಕ್ಕಾಲು ಗಂಟೆ, ತಲೆಗೆ ಎಣ್ಣೆ ಹಚ್ಚಿಕೊಂಡೆಯಾ ಎಂಬಲ್ಲಿಂದ ಶುರುವಾಗಿ ಅತ್ತೆಯ ಮಂಡಿನೋವಿನವರೆಗೆ. ಆದರೆ ಅವಳ ಮನೆಯಲ್ಲಿ ಏನಾದರೂ ಕೆಟ್ಟಿದೆ ಎಂದರೆ ಸಾಕು, ಅದೇ ಅಪ್ಪ ಅರ್ಧ ಗಂಟೆ ಫೋನು ಬಿಡುತ್ತಿರಲಿಲ್ಲ. ಅಪ್ಪ-ಮಗಳ ನಡುವೆ ಮಾತು ಓಡಬೇಕಾದರೆ ಮಧ್ಯೆ ಒಂದು ಕೆಟ್ಟ ಯಂತ್ರ ಬೇಕಿತ್ತು.

ಈಗ ಅಂಥದೊಂದು ಕೆಟ್ಟಿತು. ಆದರೆ ಮನೆಯಲ್ಲಲ್ಲ.

ಪ್ರಯೋಗಾಲಯದಲ್ಲಿ ಒಂದು ಯಾಂತ್ರಿಕ ಕೈ ಇತ್ತು. ಭುಜ, ಮೊಣಕೈ, ಮಣಿಕಟ್ಟು, ಎರಡು ಬೆರಳು. ಒತ್ತಿ ಹಿಸುಕದೆ ಟೊಮೆಟೊ ಎತ್ತಿ ಬುಟ್ಟಿಯಲ್ಲಿಡುವುದನ್ನು ಅದಕ್ಕೆ ಕಲಿಸುವುದು ಅವಳ ಸಂಶೋಧನೆಯ ವಿಷಯ. ಏಳು ತಿಂಗಳು ಜೀವ ತೇಯ್ದು ಕಲಿಸಿದ್ದಳು. ಸೋಮವಾರ ಮೂವರು ಪರೀಕ್ಷಕರು ಬಂದು ನೋಡುವವರಿದ್ದರು. ಅವರು ಒಪ್ಪದಿದ್ದರೆ ಆ ವಿಷಯ ಅಲ್ಲಿಗೇ ನಿಂತು, ಹೊಸದನ್ನು ಹುಡುಕಿಕೊಂಡು ಒಂದು ವರ್ಷ ಮತ್ತೆ ಮೊದಲಿನಿಂದ ಓದಬೇಕು. ಸರಿಯಾಗಿ ಅದೇ ವಾರ ಕೈಗೆ ನಡುಕ ಬಂತು. ಮಣಿಕಟ್ಟು ತಿರುಗುವಾಗ ಕಟಕಟ ಎನ್ನುವುದು, ಟೊಮೆಟೊ ಪಿಚಕ್ಕೆನ್ನುವುದು. ಇಡೀ ಕೋಣೆ ಸಾರಿಗೆ ಇಟ್ಟ ಪಾತ್ರೆಯ ವಾಸನೆ ಹೊಡೆಯತೊಡಗಿತು. ಒಡೆದದ್ದನ್ನು ಎಸೆಯಲು ಮನಸ್ಸು ಬಾರದೆ ಅವಳೂ ಗಡ್ಡನೂ ನಾಲ್ಕು ದಿನ ಎರಡು ಹೊತ್ತೂ ಟೊಮೆಟೊ ತಿಂದರು.

ಆ ಕೈ ತಯಾರಿಸಿದ ಕಂಪನಿಯ ಮೆಕ್ಯಾನಿಕ್ ಬರುವುದು ಇನ್ನು ಮೂರು ವಾರಕ್ಕೆ. ತಾವೇ ಬಿಚ್ಚೋಣವೆಂದರೆ ಗೋಡೆಯ ಮೇಲೆ ಪ್ರೊಫೆಸರ್ ಮೇಡಂ ಅಂಟಿಸಿದ ಕಾಗದವಿತ್ತು: "ಯಂತ್ರದ ಮುಚ್ಚಳ ತೆಗೆದವರು ಈ ಪ್ರಯೋಗಾಲಯ ಬಿಡತಕ್ಕದ್ದು." ಮೇಡಂ ಒಂದು ಸಲ ಹೇಳಿದರೆ ಮುಗಿಯಿತು. ಅವರು ನಗುವುದನ್ನು ಕಂಡವರು ಆ ಕಟ್ಟಡದಲ್ಲಿ ಇಬ್ಬರೇ, ಇಬ್ಬರೂ ನಿವೃತ್ತರಾಗಿದ್ದರು.

ಶನಿವಾರ ಬೆಳಿಗ್ಗೆ ಕಟ್ಟಡ ಖಾಲಿ. ಅವಳು ಗಡ್ಡನ ಕಾರ್ಡಿನಿಂದ ಬಾಗಿಲು ತೆರೆದು ಒಳಗೆ ಹೋಗಿ ಅಪ್ಪನಿಗೆ ವೀಡಿಯೊ ಕರೆ ಮಾಡಿದಳು. ಅಲ್ಲಿ ಅಪ್ಪ ಅಂಗಡಿಯಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದರು.

"ಏನಾದ್ರೂ ಕೆಟ್ಟಿದ್ಯಾ?" ಎಂದರು ಅಪ್ಪ. ದನಿಯಲ್ಲಿ ಸಂಭ್ರಮವಿತ್ತು.

"ರೋಬೋಟ್ ಅಪ್ಪ. ನಿಮಗೆ ಗೊತ್ತಾಗುತ್ತೋ ಇಲ್ವೋ."

"ಮೋಟಾರ್ ಇದೆ ತಾನೇ?"

"ಇದೆ."

"ಬೆಲ್ಟು?"

"ಇರ್ಬೇಕು."

"ಹಾಗಾದ್ರೆ ಮಿಕ್ಸಿ ದಾಯಾದಿನೇ ಅದು. ಫೋನ್ ಅದರ ಹತ್ತಿರ ಇಟ್ಟು ತಿರುಗಿಸು. ಮಾತಾಡಬೇಡ."

ಅವಳು ತಿರುಗಿಸಿದಳು. ಕಟಕಟ. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದರು. ಕೈಯಲ್ಲಿ ಕಲಸಿದ ಅನ್ನ ಹಾಗೇ ಇತ್ತು.

"ಬೆಲ್ಟ್ ಹಲ್ಲು ಜಾರ್ತಾ ಇದೆ. ಮೋಟಾರ್ ಕೂತಿರೋ ಜಾಗ ಸವೆದು ಕೆಳಗಿಳಿದಿದೆ. ಅದರ ಕೆಳಗೆ ಒಂದು ತೆಳು ಪಟ್ಟಿ ಕೊಟ್ರೆ ಎದ್ದು ನಿಲ್ಲುತ್ತೆ. ಬಿಚ್ಚು."

ಗೋಡೆಯ ಮೇಲಿನ ಕಾಗದದ ವಿಷಯ ಅವಳು ಅಪ್ಪನಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ಅಲ್ಲಿಗೇ ಫೋನು ಇಟ್ಟುಬಿಡುತ್ತಿದ್ದರು, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎಂಟು ಸ್ಕ್ರೂ ಬಿಚ್ಚಿ ಒಂದು ಹಾಳೆಯ ಮೇಲೆ ದುಂಡಗೆ ಜೋಡಿಸಿದಳು. ಅಪ್ಪ ಹೇಳಿದ ಜಾಗದಲ್ಲೇ, ಹೇಳಿದ ಹಾಗೇ ಸವೆದಿತ್ತು. ತೆಳು ಪಟ್ಟಿಗಾಗಿ ಚೀಲವೆಲ್ಲ ತಡಕಿ, ಅವಧಿ ಮುಗಿದ ಬಸ್ ಪಾಸು ಸಿಕ್ಕಿದಾಗ ಅದರ ಅಂಚನ್ನು ಕತ್ತರಿಸಿದಳು. ಹೆಸರಾಗಲಿ ಫೋಟೊ ಆಗಲಿ ಒಂದಿಷ್ಟೂ ಬಾರದಂತೆ, ಸಾಕ್ಷಿ ಉಳಿಸದ ಕಳ್ಳಿಯ ಹಾಗೆ ನೋಡಿ ನೋಡಿ ಕತ್ತರಿಸಿದಳು. ಪಟ್ಟಿ ಕೂತಿತು. ತಿರುಗಿಸಿದರೆ ಕೈ ಬೆಣ್ಣೆಯಲ್ಲಿ ಚಾಕು ಆಡಿದಂತೆ ಆಡಿತು.

ಮುಚ್ಚಳ ಎತ್ತಿಕೊಳ್ಳುವಷ್ಟರಲ್ಲಿ ಅಪ್ಪ ಕೇಳಿದರು. "ಗುರುತು ಹಾಕಿದ್ಯಾ?"

"ಇಲ್ಲಿ ಬೇಡ ಬಿಡಿ ಅಪ್ಪ."

"ಯಾಕೆ, ಕದ್ದ ಕೆಲಸಾನಾ?"

ಇಲ್ಲ ಎನ್ನಬೇಕಾದರೆ ಹಾಕಬೇಕು. ಹೌದು ಎನ್ನುವುದಂತೂ ಸಾಧ್ಯವೇ ಇರಲಿಲ್ಲ. ಟೇಬಲಿನ ಡ್ರಾಯರಿನಿಂದ ಒಂದು ಸೂಜಿ ತೆಗೆದು ಮುಚ್ಚಳದ ಒಳಬದಿಯಲ್ಲಿ ತಾರೀಖು ಗೀಚಿ, ಪಕ್ಕದಲ್ಲಿ ಮೂರು ರೆಕ್ಕೆಯ ಫ್ಯಾನು ಬಿಡಿಸಿದಳು. ಕನ್ನ ಕೊರೆದ ಕಳ್ಳ ಗೋಡೆಯ ಮೇಲೆ ವಿಳಾಸ ಬರೆದಿಟ್ಟು ಬಂದ ಹಾಗಾಯಿತು. ಅಪ್ಪನಿಗೆ ತೋರಿಸಿದಾಗ ಅವರು "ಎರಡನೇ ರೆಕ್ಕೆ ಸೊಟ್ಟ" ಎಂದು ಹೇಳಿ ಊಟಕ್ಕೆ ಕೈ ಹಾಕಿದರು.

ಸೋಮವಾರ ಯಾಂತ್ರಿಕ ಕೈ ಮೂವತ್ತು ಟೊಮೆಟೊ ಎತ್ತಿಟ್ಟಿತು, ಒಂದಕ್ಕೂ ಗೀರು ಬೀಳಲಿಲ್ಲ. ಪರೀಕ್ಷಕರಲ್ಲಿ ಒಬ್ಬರು ಒಂದನ್ನು ಕಚ್ಚಿಯೂ ನೋಡಿದರು. ವಿಷಯಕ್ಕೆ ಒಪ್ಪಿಗೆ ಸಿಕ್ಕಿತು. ಮೇಡಂ "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಆ ಮಾತು ಬರುವುದೆಂದರೆ ಶಾಲು ಹೊದಿಸಿದಷ್ಟು. ಅವಳು ಆ ವಾರವೆಲ್ಲ ಕಾಲು ನೆಲಕ್ಕೆ ತಾಗದಂತೆ ಓಡಾಡಿದಳು. ಮುಚ್ಚಳದ ಒಳಗಿನ ಗುರುತನ್ನು ಪೂರ್ತಿ ಮರೆತೇಬಿಟ್ಟಳು.

ಮೂರು ವಾರಕ್ಕೆ ಸರಿಯಾಗಿ ಕಂಪನಿಯ ಮೆಕ್ಯಾನಿಕ್ ಬಂದರು. ಐವತ್ತು ದಾಟಿದ, ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡ ಮನುಷ್ಯ, ಮಾತು ಕಡಿಮೆ. ಮುಚ್ಚಳ ತೆಗೆದವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಮೇಡಂ, ಇದನ್ನ ಯಾರೋ ಬಿಚ್ಚಿದ್ದಾರೆ" ಎಂದರು. "ತಾರೀಖೂ ಬರೆದಿದ್ದಾರೆ. ಪಕ್ಕದಲ್ಲೊಂದು ಹೂವು ಇದೆ."

ಅದು ಹೂವಲ್ಲ, ಫ್ಯಾನು, ಎಂಬ ಮಾತು ಅವಳ ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ಅಲ್ಲೇ ನುಂಗಿಕೊಂಡಳು.

ಮೇಡಂ ತಾರೀಖು ನೋಡಿದರು. ಕಂಪ್ಯೂಟರಿನಲ್ಲಿ ಆ ದಿನ ಬಾಗಿಲು ತೆರೆದು ಒಳಗೆ ಬಂದವರ, ಹೊರಗೆ ಹೋದವರ ಪಟ್ಟಿ ತೆಗೆದರು. ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು.

"ನೀನು ಆ ಶನಿವಾರ ಇಲ್ಲಿಗೆ ಬಂದಿದ್ಯಾ?" ಎಂದು ಗಡ್ಡನನ್ನು ಕೇಳಿದರು.

ಗಡ್ಡ ಅವಳ ಮುಖ ನೋಡಿದ. ಆಮೇಲೆ ಸೂರು ನೋಡಿದ. ಆಮೇಲೆ ತನ್ನ ಬೂಟು ನೋಡಿಕೊಂಡ. "ಬಂದಿದ್ದೆ. ಊಟದ ಡಬ್ಬಿ ಮರೆತಿದ್ದೆ" ಎಂದ.

"ಡಬ್ಬಿ ತಗೊಂಡು ಹೋಗೋಕೆ ಎರಡು ಗಂಟೆ ಬೇಕಾಯ್ತಾ?"

"ಡಬ್ಬಿ... ದೊಡ್ಡದು" ಎಂದ ಗಡ್ಡ.

ಆ ಕ್ಷಣ ಅವಳು ಸುಮ್ಮನಿದ್ದರೂ ನಡೆಯುತ್ತಿತ್ತು, ಅದನ್ನು ಮುಚ್ಚಿಡುವುದು ಬೇಡ. ಆ ದೇಶದಲ್ಲಿ ಆ ಮೂರು ಗೆರೆಗಳನ್ನು ಓದಬಲ್ಲವಳು ಅವಳೊಬ್ಬಳೇ. ಏಳು ತಿಂಗಳ ಕೆಲಸ, ಸಿಕ್ಕಿದ ಒಪ್ಪಿಗೆ, ಮೇಡಂ ಹೇಳಿದ "ಪರವಾಗಿಲ್ಲ" ಎಲ್ಲವೂ ಅವಳ ಕಣ್ಣಮುಂದೆ ಸಾಲಾಗಿ ನಿಂತವು. ಆದರೆ ಮೆಕ್ಯಾನಿಕ್ಕಿನ ಕೈಯಲ್ಲಿದ್ದ ಮುಚ್ಚಳದ ಮೇಲೆ ಆ ಸೊಟ್ಟ ರೆಕ್ಕೆ ಎದ್ದು ಕಾಣುತ್ತಿತ್ತು. ಹನ್ನೊಂದು ವರ್ಷದ ಹಿಂದಿನ ಫ್ಯಾನಿನ ಮುಂದೆ ಮಾತಿಲ್ಲದೆ ಕೂತ ಅಪ್ಪನ ನೆನಪಾಯಿತು.

"ಅವನಲ್ಲ ಮೇಡಂ, ನಾನು. ಅವನ ಕಾರ್ಡ್ ತಗೊಂಡಿದ್ದೆ. ಅದು ನಮ್ಮ ಅಂಗಡಿ ಗುರುತು."

"ಅಂಗಡಿ?" ಎಂದರು ಮೇಡಂ.

ಹೇಳತೊಡಗಿದರೆ ಅವಳಿಗೆ ನಿಲ್ಲಿಸುವುದು ಗೊತ್ತಿಲ್ಲ. ಒಂದೇ ಷಟರಿನಿಂದ ಶುರುಮಾಡಿ, ಮಿಕ್ಸಿ, ಕಟಕಟ ಸದ್ದು, ಬುತ್ತಿ, ಬಸ್ ಪಾಸಿನವರೆಗೆ ಎಲ್ಲವನ್ನೂ ಹೇಳಿದಳು. ಮೇಡಂ ನಡುವೆ ಬಾಯಿ ಹಾಕಲಿಲ್ಲ. ಮೆಕ್ಯಾನಿಕ್ ಮಾತ್ರ ಮೋಟಾರಿನ ಅಡಿ ಬೆಳಕು ಬಿಟ್ಟು ನೋಡುತ್ತಿದ್ದರು.

"ಫೋನಲ್ಲಿ ಬರೀ ಸದ್ದು ಕೇಳಿ ಹೇಳಿದ್ರಾ?" ಎಂದರು ಕೊನೆಗೆ.

"ಹೌದು."

"ಮೇಡಂ, ನಾನು ಬಂದಿದ್ರೂ ಇದನ್ನೇ ಮಾಡ್ತಿದ್ದೆ. ಅಡಿಗೆ ಕೊಡೋಕೆ ನನ್ನ ಹತ್ತಿರ ಕಂಪನಿ ಪಟ್ಟಿ ಇದೆ, ಇವಳ ಹತ್ತಿರ ಬಸ್ ಪಾಸ್ ಇತ್ತು, ಅಷ್ಟೇ. ಇದು ಚೆನ್ನಾಗಿ ಕೂತಿದೆ, ತೆಗೆಯೋದಿಲ್ಲ."

ಮೇಡಂ ಎದ್ದು ಗೋಡೆಯ ಹತ್ತಿರ ಹೋಗಿ ತಮ್ಮದೇ ಕಾಗದವನ್ನು ಎರಡು ಸಲ ಓದಿದರು. ಬರೆದದ್ದನ್ನು ಬಿಡುವ ಜಾಯಮಾನ ಅವರದಲ್ಲ. ಪೆನ್ನು ತೆಗೆದು "ಈ ಪ್ರಯೋಗಾಲಯ ಬಿಡತಕ್ಕದ್ದು" ಎಂಬುದರ ಮೊದಲಿಗೆ "ಒಂದು ತಿಂಗಳು" ಎಂದು ಸೇರಿಸಿದರು. "ನಾಳೆಯಿಂದ ಬರಬೇಡ. ಮುಂದಿನ ತಿಂಗಳು ಇದೇ ತಾರೀಖು ಎಂಟು ಗಂಟೆಗೆ ಬಾ. ಎಂಟು ಅಂದ್ರೆ ಎಂಟು. ಹತ್ತು ನಿಮಿಷ ಅಲ್ಲ." ಅಡ್ಡಹೆಸರು ಅವರ ಕಿವಿಗೂ ಬಿದ್ದಿದೆ ಎಂದು ಅವಳಿಗೆ ಆಗಲೇ ಗೊತ್ತಾದದ್ದು.

ಹೊರಡುವ ಮುನ್ನ ಮೆಕ್ಯಾನಿಕ್ ಜೇಬಿನಿಂದ ಒಂದು ಚೂಪು ಉಳಿ ತೆಗೆದು, ಅವಳ ಗುರುತಿನ ಕೆಳಗೆ ಆ ದಿನದ ತಾರೀಖು ಗೀಚಿದರು. ಅವಳು ಅದರ ಫೋಟೊ ತೆಗೆದುಕೊಂಡಳು.

ತಲೆಯೇನೋ ಉಳಿಯಿತು. ಆದರೆ ನಡೆದದ್ದನ್ನು ಅಮ್ಮನಿಗೆ ಹೇಳಿದ್ದೇ ತಪ್ಪಾಯಿತು. ಅಮ್ಮನ ಬಾಯಲ್ಲಿ ಸುದ್ದಿ ಅಪ್ಪನನ್ನು ಮುಟ್ಟುವಷ್ಟರಲ್ಲಿ ಬಸ್ ಪಾಸು, ಮೆಕ್ಯಾನಿಕ್ಕಿನ ಮಾತು ಎಲ್ಲ ಉದುರಿಹೋಗಿ, "ಗುರುತು ಹಾಕಿದ್ದಕ್ಕೆ ಮಗಳನ್ನ ಹೊರಗೆ ಹಾಕಿದ್ರಂತೆ" ಎಂಬುದೊಂದೇ ಉಳಿದಿತ್ತು. ಅಪ್ಪ ಫೋನಿಗೇ ಬರಲಿಲ್ಲ. ಆ ಒಂಬತ್ತು ಸೆಕೆಂಡೂ ಹೋಯಿತು. ಇವತ್ತು ಅಂಗಡಿ, ನಾಳೆ ಸ್ನಾನ, ನಾಡಿದ್ದು ನಿದ್ದೆ. ಹೀಗೇ ಎರಡು ವಾರ ಕಳೆಯಿತು.

"ಅವರ ಕಥೆ ಕೇಳಬೇಡ ಕಣೇ" ಎಂದರು ಅಮ್ಮ ಒಂದು ದಿನ, ದನಿ ತಗ್ಗಿಸಿ. "ನನ್ನ ಮಾತು ಕೇಳಿ ಹುಡುಗಿ ಓದು ಹಾಳಾಯ್ತು ಅಂತ ಕೂತಿದ್ದಾರೆ. ಈಗ ಅಂಗಡೀಲೂ ಗುರುತು ಹಾಕೋದು ಬಿಟ್ಟುಬಿಟ್ಟಿದ್ದಾರಂತೆ. ಮೂವತ್ತು ವರ್ಷದ ಅಭ್ಯಾಸ."

ಆ ಮಾತು ಅವಳಿಗೆ ಚುರುಕ್ಕೆಂದು ನಾಟಿತು. ಒಂದು ತಿಂಗಳು ಹೊರಗಿರುವುದು ಏನೂ ಅಲ್ಲ, ಗ್ರಂಥಾಲಯದ ತಳ್ಳುಗಾಡಿಯಂತೂ ಇದ್ದೇ ಇತ್ತು. ಆದರೆ ಅಪ್ಪ ಗುರುತು ಹಾಕದೆ ಮಿಕ್ಸಿ ಮುಚ್ಚುತ್ತಿದ್ದಾರೆಂಬುದನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮರುದಿನ ಭಾನುವಾರ. ಪರದೆ ಎಂದಿನಂತೆ ಆರಕ್ಕೇ ಗರಗರ ಎಂದಿತು. ಅಪ್ಪನನ್ನು ಫೋನಿಗೆ ಕರೆಸಬೇಕಾದರೆ ಏನಾದರೂ ಕೆಟ್ಟಿರಬೇಕು. ಅವಳು ಮನೆಯೆಲ್ಲ ಹುಡುಕಿದಳು. ಏನು ಗ್ರಹಚಾರವೋ, ಇದ್ದಬದ್ದದ್ದೆಲ್ಲ ನೆಟ್ಟಗೆ ಕೆಲಸ ಮಾಡುತ್ತಿತ್ತು. ಕೊನೆಗೆ ಮೇಜಿನ ಮೇಲಿನ ಪುಟ್ಟ ಫ್ಯಾನು ಕಣ್ಣಿಗೆ ಬಿತ್ತು. ಅದರ ಹಿಂಬದಿಯ ಕಿಂಡಿಯಿಂದ ಒಂದು ನಾಣ್ಯ ತೂರಿಸಿ ಹಾಕಿದಳು. ಗಿಲಿಗಿಲಿ ಎಂದು ಊರಿಗೆಲ್ಲ ಕೇಳುವ ಹಾಗೆ ಸದ್ದು ಮಾಡಿತು.

"ಅಮ್ಮ, ಫ್ಯಾನ್ ಕೆಟ್ಟಿದೆ. ಸುಟ್ಟುಹೋಗುತ್ತೇನೋ ಅಂತ ಭಯ. ಅಪ್ಪನ್ನ ಕರೀರಿ."

ಆ ಕಡೆ ಏನೋ ಗುಸುಗುಸು ಕೇಳಿತು. ಕುರ್ಚಿ ಸರಿಯಿತು. ಅಪ್ಪ ಹಲೋ ಅನ್ನಲಿಲ್ಲ. "ಹತ್ತಿರ ಇಡು" ಎಂದರು.

ಅವಳು ಇಟ್ಟಳು. ಅಪ್ಪ ಕೇಳಿದರು. ಈ ಸಲ ಕಣ್ಣು ಮುಚ್ಚಿಕೊಳ್ಳುವಷ್ಟೂ ಹೊತ್ತು ಬೇಕಾಗಲಿಲ್ಲ.

"ನಾಣ್ಯ ಹಾಕಿದ್ದೀಯ."

"ಇಲ್ಲಪ್ಪ..."

"ಒಂಬತ್ತು ವರ್ಷದವಳಿದ್ದಾಗಲೂ ಹೀಗೇ ಹಾಕ್ತಿದ್ದೆ. ರಾತ್ರಿ ನಾನು ಅಂಗಡಿಯಿಂದ ಬೇಗ ಮನೆಗೆ ಬರಲಿ ಅಂತ. ಆವಾಗಲೂ ನಂಗೆ ಗೊತ್ತಿತ್ತು."

"ಗೊತ್ತಿದ್ದೂ ಬರ್ತಿದ್ರಾ?"

"ಮತ್ತೆ? ಫ್ಯಾನ್ ಹಾಳಾಗಲ್ವಾ?" ಎಂದರು ಅಪ್ಪ.

ಅವಳು ಮುಚ್ಚಳದ ಫೋಟೊ ಕಳುಹಿಸಿದಳು. ಅಪ್ಪ ಕನ್ನಡಕ ಹುಡುಕಿ, ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಕೆಳಗಿನ ತಾರೀಖು ಯಾರದು?"

"ಕಂಪನಿ ಮೆಕ್ಯಾನಿಕ್‌ದು. ನೀವು ಹೇಳಿದ್ದು ಸರಿ ಅಂದ್ರು. ಪಟ್ಟಿ ತೆಗೀದೆ ಹಾಗೇ ಬಿಟ್ಟು, ಕೆಳಗೆ ತಮ್ಮ ತಾರೀಖು ಹಾಕಿದ್ರು. ಇನ್ನು ಹದಿನೈದು ದಿನಕ್ಕೆ ನಾನು ವಾಪಸ್ ಹೋಗ್ತೀನಿ ಅಪ್ಪ. ಓದು ಏನೂ ಹಾಳಾಗಿಲ್ಲ."

ಹಿಂದಿನಿಂದ ಅಮ್ಮ "ಏನಂತೆ, ಏನಂತೆ" ಎನ್ನುತ್ತಿದ್ದರು.

"ಅವನ ಗೆರೆ ನೇರ ಇಲ್ಲ. ಕೈ ಗಟ್ಟಿ ಹಿಡಿದಿಲ್ಲ" ಎಂದರು ಅಪ್ಪ. ಮೂಗು ಒರೆಸಿಕೊಂಡ ಸದ್ದು ಕೇಳಿತು. "ಆದ್ರೂ ಕೆಲಸ ಗೊತ್ತಿರೋ ಮನುಷ್ಯ."

ಅಷ್ಟರಲ್ಲಿ ಅಮ್ಮ ಫೋನಿಗೆ ಕೈ ಚಾಚಿರಬೇಕು. "ಇರೇ, ಫ್ಯಾನ್ ಬಿಚ್ಚಿಸ್ತಾ ಇದ್ದೀನಿ" ಎಂದು ಅಪ್ಪ ಅವರನ್ನು ಗದರಿದರು. ಆಮೇಲೆ ಮಗಳಿಗೆ ಹೇಳಿದರು.

"ಒಂದು ಕಾಗದ ಹಾಸಿಕೋ. ಮೂರು ಸ್ಕ್ರೂ ಇರುತ್ತೆ, ಬಂದ ಕ್ರಮದಲ್ಲಿ ಇಡು. ನಾಣ್ಯ ತೆಗಿ. ಮುಚ್ಚೋ ಮೊದಲು ತಾರೀಖು ಹಾಕು, ಗುರುತೂ ಹಾಕು. ನಾನೂ ನಾಳೆ ನಾಲ್ಕು ಮಿಕ್ಸಿ ಮತ್ತೆ ಬಿಚ್ಚಬೇಕು, ಹಾಕೋದು ಬಿಟ್ಟುಹೋಗಿದೆ."

ಅವಳು ಕಾಗದ ಹಾಸಿದಳು. ಒಂದು ನಾಣ್ಯ ತೆಗೆಯುವ ಆ ಕೆಲಸ ಮುಗಿಯಲು ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅಪ್ಪ ಫೋನನ್ನು ಅಮ್ಮನ ಕೈಗೆ ಕೊಡಲಿಲ್ಲ.